ಆಕಾಶದಲ್ಲಿ ಹೆಬ್ಬೆಟ್ಟಿನ ಗುರುತು

ನಮ್ಮ ಹುಣಸೂರಿನ ಗೌರಿ ಟಾಕೀಸಿನಲ್ಲಿ ಒಂದು ಸಲ ಏಳು ಜನ ಸತ್ರು. ಮಾರನೇ ವಾರ ಅದೇ ಏಳು ಜನ ಬದುಕಿ ಬಂದ್ರು. ಸುಳ್ಳಲ್ಲ ಕಣವ್ವ. ಸಾಯಿಸಿದ್ದು ಯಾವನೋ ಡೈರೆಕ್ಟ್ರು, ಬದುಕಿಸಿದ್ದು ನನ್ನ ಗಂಡ. ಕತ್ತರಿ ನಂದು.

ನಮ್ಮ ಯಜಮಾನ್ರು ಟಾಕೀಸಿನ ಆಪರೇಟ್ರು. ನಾನು ಹೆಂಗಸರ ಗೇಟಲ್ಲಿ ಟಿಕೀಟು ಹರಿಯೋಳು. ಬಿಡುವಾದಾಗ ಮೇಲೆ ಕ್ಯಾಬಿನ್ನಿಗೆ ಹೋಗಿ ಓಡಿದ ರೀಲನ್ನ ವಾಪಸ್ಸು ಸುತ್ತೋಳು. ರೀಲು ಒಂದು ಸಲ ಓಡಿತು ಅಂದ್ರೆ ಅದರ ಬಾಲ ಹೊರಗೆ ಬಂದಿರ್ತದೆ, ತಲೆ ಒಳಗೆ ಸಿಕ್ಕೊಂಡಿರ್ತದೆ. ಮತ್ತೆ ಸುತ್ತಿದ್ರೇ ಮುಂದಿನ ಆಟ. ನಾನು ನನ್ನ ಕಾಲದಲ್ಲಿ ಸುತ್ತಿದ ರೀಲು ಬಿಚ್ಚಿ ಹಾಸಿದ್ರೆ ಹುಣಸೂರಿಂದ ಚಂದ್ರನಿಗೆ ಹೋಗಿ, ಅಲ್ಲಿ ಒಂದು ಕಾಫಿ ಕುಡಿದು, ಬರಬಹುದು.

ಆ ಸಿನಿಮಾ ಹೆಸರು ‘ಶನಿಗ್ರಹಕ್ಕೆ ಏಳು ಮಂದಿ’. ಕಪ್ಪು ಬಿಳುಪಿಂದು. ಹಡಗು ಅಂದ್ರೆ ತಗಡಿನ ಡ್ರಮ್ಮು, ಅದಕ್ಕೆ ಮೂರು ರೆಕ್ಕೆ. ಒಳಗೆ ಜಯಸಿಂಹ ಅಂತ ಕ್ಯಾಪ್ಟನ್ನು, ಸುಲೋಚನಾ ಅಂತ ಡಾಕ್ಟರಮ್ಮ, ಬೋಡಯ್ಯ ಅಂತ ಅಡಿಗೆಯೋನು, ಇನ್ನೂ ನಾಕು ಜನ. ಹೊರಡೋ ಮುಂಚೆ ಸುಲೋಚನಾ ಅವರವ್ವನ ಕಾಲಿಗೆ ಬಿದ್ದು, "ಹೋಗಿ ಬರ್ತೀನಮ್ಮ" ಅಂತಾಳೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೈ ಬೀಸ್ತಾಳೆ. ಹಡಗು ಹೊಗೆ ಬಿಟ್ಕೊಂಡು ಬುಸ್ ಅಂತ ಏಳ್ತದೆ. ಕೊನೇ ಒಂಬತ್ತು ನಿಮಿಷದಲ್ಲಿ ಶನಿ ಹತ್ರ ಹಡಗು ಕೆಟ್ಟು, ಉಸಿರಾಡೋ ಗಾಳಿ ಮುಗಿದು, ಒಬ್ಬೊಬ್ಬರಾಗಿ ಎಲ್ಲರೂ ಕಣ್ಣು ಮುಚ್ಚಿ ತೇಲ್ತಾರೆ. ಮಾತಿಲ್ಲ, ಸಂಗೀತವಿಲ್ಲ. ಆಮೇಲೆ ‘ಶುಭಂ’. ಏನು ಶುಭವೋ ಅವನ ತಲೆ!

ಮೊದಲನೇ ದಿನ ಆಟ ಮುಗಿದು ಎಲ್ಲ ಎದ್ರು. ನಮ್ಮ ಬೀದಿ ಕೈರುನ್ನಿಸಾ ಮಾತ್ರ ಏಳಲಿಲ್ಲ. ಏಳು ತಿಂಗಳ ಬಸುರಿ ಅವಳು ಆವಾಗ.

"ಎದ್ದೇಳೇ ಕೈರೂ, ಗೇಟು ಹಾಕಬೇಕು."

"ಅವರು ಬರೋಗಂಟ ಏಳಲ್ಲ."

"ಯಾರು ಬರೋಗಂಟ?"

"ಆಕಾಶಕ್ಕೆ ಹೋದೋರು. ಅವ್ವನ ಹತ್ರ ಹೋಗಿ ಬರ್ತೀನಿ ಅಂದವಳಲ್ವಾ? ಅಂದಮೇಲೆ ಬರಬೇಕು. ಬಾಯಿಬಿಟ್ಟು ಹೇಳಿ ಬರದೆ ಇರೋದು ಯಾವ ಊರ ನ್ಯಾಯ? ನಿನ್ನ ಗಂಡನಿಗೆ ಹೇಳು, ಮುಂದಿಂದು ತೋರಿಸಲಿ."

ಇನ್ನೂ ಹದಿನೈದು ಹೆಂಗಸರು ಅವಳ ಜೊತೆ ಕೂತುಬಿಟ್ರು. ನಾನು ಎಲ್ಲರಿಗೂ ಇನ್ನೂರು ಜನ ಅಂತ ಹೇಳ್ತೀನಿ, ನೀವೂ ಹಂಗೇ ಇಟ್ಕೊಳಿ. ನಮ್ಮ ಯಜಮಾನ್ರು ಕ್ಯಾಬಿನ್ನಿನ ಕಿಂಡೀಲಿ ತಲೆ ತೂರಿಸಿ, "ನಾಳೆ ಬತ್ತಾರೆ ಕಣ್ರವ್ವ, ದಾರೀಲವ್ರೆ" ಅಂದ್ರು. ಬಾಯಿ ಬಿಟ್ಟರು, ಸಿಕ್ಕೊಂಡ್ರು.

ಜಾಹೀರಾತಿಗೆ ಅಂತ ಒಂದು ತುಂಡು ರೀಲು ಬಂದಿತ್ತು. ಅದರಲ್ಲೂ ಹಡಗು ಏಳೋದು, ಅವ್ವ ಕೈ ಬೀಸೋದು ಇತ್ತು, ಹತ್ತು ಸೆಕೆಂಡು. ಅದನ್ನ ಹಿಂದುಮುಂದು ಮಾಡಿದ್ರೆ ಹಡಗು ಇಳಿದಂಗೆ ಕಾಣ್ತದೆ. ಬಾಲದ ಕಡೆಯಿಂದ ಓಡಿಸಿದ್ರೆ ಸಾಕಲ್ವಾ ಅಂತೀರಾ? ಓಡಿಸಿದ್ರೆ ಎಲ್ಲ ಹಿಂದಕ್ಕೇನೋ ಹೋಯ್ತದೆ, ಆದ್ರೆ ಜನ ಬಾವಲಿ ಥರ ತಲೆಕೆಳಗೆ ನೇತಾಡ್ತಾರೆ. ಅದಕ್ಕೇ ಒಂದೊಂದು ಚಿತ್ರವನ್ನೂ ಬೇರೆ ಬೇರೆ ಕತ್ತರಿಸಿ ಕೊನೇದನ್ನ ಮೊದಲು ಮಾಡಿ ಅಂಟಿಸಬೇಕು. ಸೆಕೆಂಡಿಗೆ ಇಪ್ಪತ್ನಾಕು ಚಿತ್ರ. ಹತ್ತು ಸೆಕೆಂಡಿಗೆ ಇನ್ನೂರ ನಲವತ್ತು. ನಾನು ಕತ್ತರಿಸಿ ಕೊಡೋಳು, ಅವರು ಗೋಂದು ಹಚ್ಚಿ ಹೆಬ್ಬೆಟ್ಟಲ್ಲಿ ಒತ್ತೋರು. "ಅಂಚು ಹಿಡಿಯೇ, ಚಿತ್ರ ಮುಟ್ಟಬೇಡ" ಅಂತ ನನ್ನ ಮೇಲೆ ರೇಗೋರು. ತಾವು ಮಾತ್ರ ಒಂದೊಂದರ ಮೇಲೂ ಹೆಬ್ಬೆಟ್ಟು!

ಮೂರು ದಿನ ಹಿಡೀತು. ಸಾಯೋ ಒಂಬತ್ತು ನಿಮಿಷ ಕತ್ತರಿಸಿ ಒಂದು ಡಬ್ಬಿಗೆ ಹಾಕಿದ್ವು. ಇಳಿಯೋ ತುಂಡು ಅಂಟಿಸಿ, ಅದರ ಬೆನ್ನಿಗೆ ‘ಶುಭಂ’ ಅಂಟಿಸಿದ್ವು. ತೆರೆ ಮೇಲೆ ಹೊಗೆಯೆಲ್ಲ ವಾಪಸ್ಸು ಹಡಗಿನ ಬುಡಕ್ಕೆ ಹೋಯ್ತು, ಹಡಗು ಕುಲುಕ್ತಾ ಕುಲುಕ್ತಾ ಇಳೀತು, ಅವ್ವ ಕೈ ಬೀಸಿದ್ಲು. ಕೈ ಬೀಸೋದು ಮಾತ್ರ ಹಿಂದೂ ಒಂದೇ ಮುಂದೂ ಒಂದೇ ಕಣವ್ವ. ಹೋಗೋರಿಗೂ ಅದೇ, ಬರೋರಿಗೂ ಅದೇ. ಮತ್ತೆ ನೋಡೋಕೆ ಬಂದಿದ್ದ ಕೈರುನ್ನಿಸಾ ಈ ಸಲ ಎದ್ದು ಮನೆಗೆ ಹೋದ್ಲು. ಅದಾದ ಎರಡು ತಿಂಗಳಿಗೆ ಹೆಣ್ಣು ಹೆತ್ತು ಸುಲೋಚನಾ ಅಂತ ಹೆಸರಿಡ್ತೀನಿ ಅಂತ ಕೂತಳು. ಅವರತ್ತೆ ಬಿಡಲಿಲ್ಲ.

ಸಿನಿಮಾ ಕಂಪ್ನಿ ಮುಚ್ಚಿಹೋಯ್ತು, ರೀಲು ಕೇಳೋಕೆ ಯಾರೂ ಬರಲಿಲ್ಲ. ಟಾಕೀಸು ಮುಚ್ಚಿತು. ಯಜಮಾನ್ರೂ ಹೋದ್ರು. ರೀಲಿನ ಡಬ್ಬಿಗಳು ನಮ್ಮನೆ ಅಟ್ಟದ ಮೇಲೆ ಕೂತ್ವು. ನಂಗೆ ಈಗ ನೂರಾ ಹನ್ನೆರಡು ವರ್ಷ. ಕಾರ್ಡಲ್ಲಿ ಎಂಬತ್ನಾಕು ಅಂತ ಬರ್ದವ್ರೆ, ಅವರಿಗೇನು ಗೊತ್ತು.

ಅಷ್ಟರಲ್ಲಿ ಬಂತು ನೋಡಿ, ಬಾಳಿಸೋ ಯಂತ್ರ.

ಮೈಸೂರಿನ ಆಚೆ ಒಂದು ಗಾಜಿನ ಕಟ್ಟಡ. ಅಲ್ಲಿಯ ದೊಡ್ಡ ಡಾಕ್ಟ್ರು ಇಂಚರಾ ಅಂತ. ಸೂಜಿ ಚುಚ್ಚೋ ಡಾಕ್ಟ್ರಲ್ಲ, ಲೆಕ್ಕದ ಡಾಕ್ಟ್ರು. ಅವಳು ನನಗೆ ಬಿಡಿಸಿ ಹೇಳಿದ್ಲು. ಯಂತ್ರ ಸಿನಿಮಾದ ಒಂದೊಂದು ಚಿತ್ರವನ್ನೂ ನೋಡ್ತದಂತೆ. ಯಾರು ಹೆಂಗೆ ನಡೀತಾರೆ, ಯಾವುದಕ್ಕೆ ಅಳ್ತಾರೆ, ಆ ಲೋಕದಲ್ಲಿ ಗಾಳಿ ಹೆಂಗೆ, ನೆರಳು ಹೆಂಗೆ, ಎಲ್ಲ ಕಲೀತದಂತೆ. ಸಿನಿಮಾ ಮುಗಿದ ಮೇಲೆ ಮುಂದಿನ ಚಿತ್ರ ಏನಿರಬಹುದು ಅಂತ ತಾನೇ ಲೆಕ್ಕ ಹಾಕಿ ಬಿಡಿಸ್ತದೆ. ಅದರ ಮುಂದಿಂದು, ಅದರ ಮುಂದಿಂದು. ನಿಲ್ಲೋದೇ ಇಲ್ಲ.

"ಗೊತ್ತಾಯ್ತು ಬಿಡು. ಅತ್ತೆ ಸೊಸೇನ ಒಂದಿನ ನೋಡಿ ಅವಳ ಜಾತಕ ಪೂರ್ತಿ ಹೇಳ್ತಾಳಲ್ಲ, ಹಂಗೆ."

ಇಂಚರಾ ನಕ್ಕು, "ಹಾಗೇ ಅಜ್ಜಿ. ಆದರೆ ಇದು ಅತ್ತೆಗಿಂತ ಸ್ವಲ್ಪ ಕಡಿಮೆ ತಪ್ಪು ಮಾಡುತ್ತೆ" ಅಂದ್ಲು.

ಈ ಯಂತ್ರ ಬಂದಮೇಲೆ ಜನಕ್ಕೆ ಯಾವ ಕಥೆಯೂ ಮುಗಿಯೋದೇ ಬೇಡವಾಗೋಯ್ತು. ಕೊನೇಲಿ ಹಾರ ಹಾಕ್ಕೊಂಡು ನಕ್ಕಿದ್ದ ಜೋಡಿಗಳೆಲ್ಲ ಮೂರನೇ ವರ್ಷಕ್ಕೆ ಮಾತು ಬಿಟ್ಟಿದ್ವು. ನಮ್ಮ ಬೀದಿಯ ಟೈಲರ್ ತನ್ನ ಹೀರೋಗೆ ಬೊಜ್ಜು ಬಂದಿದ್ದು ನೋಡಿ ಎರಡು ದಿನ ಅಂಗಡಿ ತೆಗೀಲಿಲ್ಲ.

ಶನಿಗ್ರಹದ ಸಿನಿಮಾ ಲೋಕದಲ್ಲೆಲ್ಲ ಹುಡುಕಿದ್ರೂ ಉಳಿದಿದ್ದು ನಮ್ಮ ಅಟ್ಟದ್ದೊಂದೇ. ಬಂದು ಕೇಳಿದ್ರು, ಕೊಟ್ಟೆ. ಸಾವಿನ ಡಬ್ಬಿ ಮಾತ್ರ ಮಂಚದ ಕೆಳಗೆ ತಳ್ಳಿದೆ.

ಪ್ರತಿ ಬುಧವಾರ ಕಾರು ಕಳಿಸೋರು. ಹೋಗಿ ಕೂತು ಗೋಡೆಯಗಲದ ತೆರೆ ನೋಡ್ತಿದ್ದೆ. ಅವರ ಆಕಾಶ ನೋಡಬೇಕಿತ್ತು ನೀವು! ನಮ್ಮ ರೀಲು ಓಡಿ ಓಡಿ ಮೈತುಂಬ ಗೀರು ಬಿದ್ದಿದ್ವಲ್ಲ, ಯಂತ್ರ ಅದನ್ನ ಮಳೆ ಅಂದ್ಕೊಂಡಿತ್ತು. ಅಲ್ಲಿ ಯಾವಾಗ್ಲೂ ಬೆಳ್ಳಿ ದಾರದಂಥ ಮಳೆ. ಮನೆ ಒಳಗೂ ಸುರೀತದೆ, ಯಾರನ್ನೂ ನೆನೆಸಲ್ಲ. ಮಕ್ಕಳು ಅದನ್ನ ನೋಡ್ತಾ ನೋಡ್ತಾ ನಿದ್ದೆಹೋಗ್ತವೆ. ಹೊಗೆ ವಾಪಸ್ಸು ಹಡಗಿಗೆ ಹೋಯ್ತಲ್ಲ, ಅದನ್ನೂ ಕಲಿತುಬಿಟ್ಟಿತ್ತು. ಅಲ್ಲಿ ಸೌದೆ ಒಲೆ ಹೊಗೆ ಸೂರಿಗೆ ತಾಗಿ, ಒಂದು ಗಳಿಗೆ ಯೋಚನೆ ಮಾಡಿ, ತಿರುಗಿ ಒಲೆಯೊಳಕ್ಕೆ ಹೋಗಿ ಮಲಗ್ತದೆ. ಬೋಡಯ್ಯ ಹೋಟ್ಲು ಇಟ್ಟಿದ್ದ, ಗೋಡೆ ಮೇಲೆ ಒಂದು ಚೂರು ಮಸಿಯಿಲ್ಲ. ನನ್ನ ಜೀವಮಾನವೆಲ್ಲ ಊದುಗೊಳವೆ ಊದಿ ಕಣ್ಣು ಕಳಕೊಂಡೆ, ಹೊಟ್ಟೆ ಉರೀತು. ಕ್ಯಾಪ್ಟನ್ ಜಯಸಿಂಹ ಕೋಳಿ ಸಾಕಿ ಅವಕ್ಕೆ ಕವಾಯತು ಮಾಡಿಸ್ತಿದ್ದ.

ಮೈಕಿನಲ್ಲಿ ಮಾತಾಡಿದ್ರೆ ಅವರಿಗೆ ಕೇಳಿಸ್ತಿತ್ತು. ಸುಲೋಚನಾ ನಂಗೆ ಬಲು ಹೊಂದಿಕೊಂಡ್ಲು. ಅವಳಿಗೆ ಅಲ್ಲಿ ನಲವತ್ತು ವರ್ಷ ಕಳೆದಿತ್ತು. ಇಲ್ಲಿ ಲೆಕ್ಕಕ್ಕೆ ಮೂರು ತಿಂಗಳು. ತಲೆ ನರೆತಿತ್ತು, ಅವ್ವನ ಮನೇಲೇ ಆಸ್ಪತ್ರೆ ಇಟ್ಟಿದ್ಲು.

"ನಿಂಗಾಜಮ್ಮ, ನಮ್ಮ ಆಕಾಶದಲ್ಲಿ ಒಂದು ದೊಡ್ಡ ಸುತ್ತು ಇದೆ. ಗೆರೆ ಒಳಗೆ ಗೆರೆ, ಗೆರೆ ಒಳಗೆ ಗೆರೆ. ನಡುವೆ ಅಡ್ಡಕ್ಕೆ ಒಂದು ಕಚ್ಚು. ನಾವು ಇಳಿದ ದಿನದಿಂದ ಅಲ್ಲೇ ಇದೆ. ಜಯಸಿಂಹ ಅದು ನಕ್ಷತ್ರದ ಧೂಳು ಅಂತಾರೆ. ನಿಮ್ಮ ಕಡೆ ಅದಕ್ಕೇನಂತಾರೆ?"

ಯಜಮಾನ್ರಿಗೆ ಬ್ಲೇಡು ಕುಯ್ದಿದ್ದ ಗಾಯ ಅದು. ಹೆಬ್ಬೆಟ್ಟಿನ ಮೇಲೆ ಅಡ್ಡಕ್ಕೆ. ಎಷ್ಟು ಸಲ ಅದಕ್ಕೆ ಅರಿಶಿನ ಹಚ್ಚಿದ್ದೆನೋ. ಅವರದ್ದು ಒಂದು ಫೋಟೋ ಇಲ್ಲ ನನ್ನ ಹತ್ರ. ಊರವರಿಗೆಲ್ಲ ಚಿತ್ರ ತೋರಿಸಿದೋರು, ತಮ್ಮದು ಅಂತ ಒಂದು ತೆಗೆಸಲಿಲ್ಲ.

"ಅದಾ? ಅದು ನಮ್ಮ ಯಜಮಾನ್ರು ಕಣೇ" ಅಂದೆ.

"ಅಷ್ಟು ದೊಡ್ಡವರಾ?"

"ಇರಲಿಲ್ಲ. ಸತ್ತಮೇಲೆ ಬೆಳೆದವ್ರೆ."

ಒಂದು ಬುಧವಾರ ಹೋದ್ರೆ ಇಂಚರಾ ಮುಖ ಬಾಡಿಸ್ಕೊಂಡು ಕೂತಿದ್ಲು.

"ಅಜ್ಜಿ, ಮೇಲಿನಿಂದ ಪತ್ರ ಬಂದಿದೆ. ಯಂತ್ರದಲ್ಲಿ ಜಾಗ ಸಾಲುತ್ತಿಲ್ಲ. ಪೂರ್ತಿ ಇಲ್ಲದ ಸಿನಿಮಾಗಳನ್ನೆಲ್ಲ ಅಳಿಸಬೇಕಂತೆ. ಸೆನ್ಸಾರಿನ ಕಾಗದದಲ್ಲಿರೋ ಉದ್ದಕ್ಕೂ ನಿಮ್ಮ ರೀಲಿಗೂ ಒಂಬತ್ತು ನಿಮಿಷ ಕಮ್ಮಿ ಬರ್ತಿದೆ. ಮುಂದಿನ ಬುಧವಾರ ಕೊನೇ ದಿನ."

"ಅಳಿಸಿದ್ರೆ ಇವರೆಲ್ಲ ಎಲ್ಲಿಗೆ ಹೋಗ್ತಾರೆ?"

ಅವಳು ಪತ್ರ ಮಡಚಿ ಮೇಜಿನ ಮೇಲಿಟ್ಲು. ನಾನೇ ಕೇಳ್ದೆ.

"ಆ ಒಂಬತ್ತು ನಿಮಿಷದಲ್ಲಿ ಏನಿತ್ತು ಅಂತ ನಿಮಗೆ ಗೊತ್ತಾ ತಾಯಿ?"

"ಯಾರಿಗೂ ಗೊತ್ತಿಲ್ಲ. ಟಾಕೀಸಲ್ಲಿ ಮಾರ್ತಿದ್ದ ಕಥೆಸಾರದ ಹಾಡಿನ ಪುಸ್ತಕ ಒಂದು ಸಿಕ್ಕಿದೆ. ಅದರಲ್ಲಿ ‘ಶನಿಯ ಸಮೀಪ ಏನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ಬರೆದು ಬಿಟ್ಟಿದ್ದಾರೆ. ಅಜ್ಜಿ, ಆ ತುಂಡು ನಿಮ್ಮ ಹತ್ರ ಏನಾದರೂ..."

"ಸುಟ್ಟೋಯ್ತು" ಅಂದೆ.

"ಸಿಕ್ಕರೆ ಹಾಕಬಹುದಿತ್ತು. ಆದರೆ ಯಂತ್ರ ಅಲ್ಲಿಂದ ಮತ್ತೆ ಲೆಕ್ಕ ಹಾಕುತ್ತೆ. ಇವರು ಇಷ್ಟು ದಿನ ಬಾಳಿದ್ದು ಉಳಿಯಲ್ಲ. ಹೊಸದಾಗಿ ಬಾಳ್ತಾರೆ."

ತೆರೆ ಮೇಲೆ ಸುಲೋಚನಾ ಯಾವುದೋ ಮಗುವಿನ ನಾಲಿಗೆ ನೋಡ್ತಿದ್ಲು. ನನಗೆ ಕೈ ಬೀಸಿದ್ಲು.

ಮನೆಗೆ ಬಂದು ಕೈರುನ್ನಿಸಾಳನ್ನ ಕರೆಸಿದೆ. ಎರಡು ಮನೆ ಆಚೆ ಅವಳದ್ದು, ಬರೋಕೆ ಅರ್ಧ ಗಂಟೆ. ಮಂಡಿ ಇಲ್ಲ ಅವಳಿಗೆ. ಡಬ್ಬಿ ಎಳೆದು ಅಂಗಳದಲ್ಲಿಟ್ಟೆ. ಒಳ್ಳೇ ಬಿಸಿಲು.

"ಇನ್ನೂ ಇಟ್ಟಿದ್ದೀಯೇನೇ ನಿಂಗೀ ಇದನ್ನ! ಎಸೀಬಾರದಿತ್ತಾ?"

"ಎಸೆದ್ರೆ ಯಾರಾದ್ರೂ ಎತ್ಕೊಂಡು ಓಡಿಸಿದ್ರೆ? ಕೊಟ್ರೆ ಏಳು ಜನ ಉಸಿರುಕಟ್ಟಿ ಸಾಯ್ತಾರೆ. ಕೊಡದಿದ್ರೆ ಬುಧವಾರ ಒರೆಸಿಹಾಕ್ತಾರೆ. ಏನೇ ಮಾಡ್ಲಿ?"

"ನನ್ನ ಕೇಳ್ತೀಯಾ? ಅವತ್ತು ಕೂತಂಗೆ ಅಲ್ಲಿ ಹೋಗಿ ಕೂತುಬಿಡ್ತೀನಿ."

"ಕೂತ್ರೆ ನಿನ್ನ ಎಬ್ಬಿಸೋಕೆ ಕ್ರೇನ್ ತರಿಸಬೇಕು, ಸುಮ್ನಿರು."

"ಯಾ ಅಲ್ಲಾ, ಈ ನಾಲಿಗೆ! ನಿನ್ನ ಗಂಡ ಇದ್ದಿದ್ರೆ ಏನು ಮಾಡ್ತಿದ್ದ ಅಂತ ಯೋಚನೆ ಮಾಡು."

"ಅವರು? ನಾಳೆ ಮಾಡೋಣ ಅಂತ ಬೀಡಿ ಹಚ್ಚೋರು."

ಮುಚ್ಚಳ ತೆಗೆದೆ. ಹೊರಗಿನ ತುದಿ ಒಂದು ಗೇಣು ಎಳೆದು, ಅಂಚು ಹಿಡಿದು, ಸೂರ್ಯನಿಗೆ ಅಡ್ಡ ಮಾಡಿದೆ. ಸಣ್ಣ ಸಣ್ಣ ಚೌಕದಲ್ಲಿ ಏಳು ಜನ. ಎಲ್ಲರ ಕಣ್ಣೂ ಮುಚ್ಚಿತ್ತು. ಕೈರೂ ಮುಖ ತಿರುಗಿಸಿಬಿಟ್ಲು.

ನಾನು ತಿರುಗಿಸಲಿಲ್ಲ. ಇದೇನಿದು ಅನ್ನಿಸ್ತು. ಸುತ್ತಿದ ರೀಲಿನಲ್ಲಿ ಹೊರಗೆ ಮೊದಲಿರಬೇಕು. ಬದುಕಿರೋರು ಹೊರಗೆ, ಸತ್ತೋರು ಒಳಗೆ. ಇಲ್ಲಿ ಸತ್ತೋರೇ ಬಾಗಿಲಲ್ಲಿ ಕೂತವ್ರೆ! ಅವತ್ತು ಓಡಿಸಿದೋರು ವಾಪಸ್ಸು ಸುತ್ತದೆ, ಸುತ್ತೋಕೆ ನನಗೂ ಕೊಡದೆ, ಹಂಗೇ ಡಬ್ಬಿಗೆ ತುರುಕಿದ್ರು ಕಣವ್ವ, ಸೋಮಾರಿ ನನ್ನ ಗಂಡ.

ನಗು ಬಂತು ನೋಡಿ. ನಕ್ಕು ನಕ್ಕು ಹಲ್ಲುಸೆಟ್ಟು ಈಚೆ ಬಿತ್ತು.

"ಹುಚ್ಚು ಹಿಡೀತಾ?" ಅಂದ್ಲು ಕೈರೂ.

"ಕೈರೂ, ಆಕಾಶದಲ್ಲಿ ತಲೆ ಯಾವುದು, ಕಾಲು ಯಾವುದು?"

"ನಂಗೇನೇ ಗೊತ್ತು? ಅಲ್ಲಿ ಎಲ್ಲ ತೇಲ್ತಾರಲ್ಲ."

"ತೇಲ್ತಾರಲ್ವಾ? ಅಷ್ಟೇ ಸಾಕು."

ಬುಧವಾರ ಬೆಳಿಗ್ಗೆ ಡಬ್ಬಿ ಮಡಿಲಲ್ಲಿಟ್ಕೊಂಡು ಕಾರು ಹತ್ತಿದೆ. ಕೈರೂನೂ ಹತ್ತಿಸಿಕೊಂಡೆ. ಅಲ್ಲಿಗೆ ಹೋಗಿ ಮೊದಲು ಮೈಕು ಕೇಳಿ ಇಸ್ಕೊಂಡೆ.

"ಸುಲೋಚನಾ, ಇವತ್ತು ಸ್ವಲ್ಪ ಕೆಲಸ ಐತೆ ಕಣವ್ವ. ಆಮೇಲೆ ನಾನು ಯಾರು ಅಂತ ನಿಂಗೆ ಮರೆತುಹೋಗಬಹುದು."

"ನಿಮ್ಮನ್ನ ಮರೆಯೋದುಂಟೇ? ಹೋಗಿ ಬನ್ನಿ."

ನಾನೂ ಹೇಳ್ದೆ, "ಬತ್ತೀನಿ" ಅಂತ.

ಡಬ್ಬಿ ನೋಡಿ ಇಂಚರಾ ಕುರ್ಚಿಯಿಂದ ಎದ್ದೇಬಿಟ್ಲು. "ಸುಟ್ಟೋಯ್ತು ಅಂದ್ರಿ?"

"ಸುಟ್ಟಿತ್ತು. ಆರಿತು."

ಕೊಟ್ಟದ್ದಕ್ಕೆ ಕಾಗದ ಬರೀಬೇಕಂತೆ. ಸಹಿ ಹಾಕಿ ಅಂತ ಪೆನ್ನು ಕೊಟ್ರು. ನನಗೆ ಸಹಿ ಬರ್ತದೆ, ಎರಡು ಕ್ಲಾಸು ಓದಿವ್ನಿ. ಆದ್ರೂ ಹೆಬ್ಬೆಟ್ಟೇ ಒತ್ತೋದು ಅಂತ ಹಟ ಮಾಡ್ದೆ. ಎಲ್ಲಿಂದಲೋ ಮಸಿಪ್ಯಾಡು ಹುಡುಕಿ ತಂದ್ರು.

ರೀಲು ಹಾಕೋಕೆ ಬಂದೋನು ತೇಜಸ್ಸು ಅಂತ, ಚಶ್ಮಾ ಇಂಜಿನಿಯರ್ರು. ಸಾವಿರ ಸಿನಿಮಾ ಯಂತ್ರಕ್ಕೆ ತಿನ್ನಿಸವ್ನೆ, ಓಡಿದ ರೀಲನ್ನ ಕೈಯಲ್ಲಿ ಸುತ್ತಿದ್ದು ಒಂದೂ ಇಲ್ಲ. ಅಲ್ಲಿಗೆ ಬರೋ ಸಿನಿಮಾ ಎಲ್ಲ ಸುತ್ತಿ ಸರಿಮಾಡಿಕೊಂಡೇ ಬರೋವು. ಹೊರಗಿನ ತುದಿ ಹಿಡಿದ, ಸೀದಾ ಹಲ್ಲುಚಕ್ರಕ್ಕೆ ಕೊಟ್ಟ. ರೀಲು ಸಡಿಲವಾಗಿ ಹೆಡೆ ಎತ್ತಿತು. "ಅಯ್ಯಯ್ಯೋ ಹಿಡಿಯಪ್ಪಾ" ಅಂತ ನಾನೇ ಒತ್ತಿ ಹಿಡಿದೆ. ಅಂಚು ಹಿಡಿಯೋಳು ನಾನು, ಐವತ್ತು ವರ್ಷದ ಅಭ್ಯಾಸ. ಅವತ್ತು ಮಾತ್ರ ಹೆಬ್ಬೆಟ್ಟು ಚಿತ್ರದ ಮೇಲೇ ಬಿತ್ತು. ಜಾರಿ ಬಿತ್ತೋ, ಬೇಕಂತ ಇಟ್ಟೆನೋ, ಅದು ನನಗೂ ಶಿವನಿಗೂ ಬಿಟ್ಟದ್ದು.

"ಮೇಡಂ, ಎಲ್ಲರೂ ತಲೆಕೆಳಗಾಗಿ ಕಾಣ್ತಿದ್ದಾರಲ್ಲ" ಅಂದ ತೇಜಸ್ಸು.

"ಅದು ಆಕಾಶ ಕಣಪ್ಪ. ಅಲ್ಲಿ ನೆಲ ಇದ್ರಲ್ವಾ ನೆಟ್ಟಗೆ ನಿಲ್ಲೋಕೆ?" ಅಂದೆ.

ಅವನು ತಲೆ ಕೆರಕೊಂಡ. ಇಂಚರಾ ಬಂದು ಬಗ್ಗಿ ನೋಡಿದ್ಲು. ಫಿಲಂ ಅಂಚಿನಲ್ಲಿ ಸಣ್ಣ ನಂಬರು ಇರ್ತವೆ, ಎಷ್ಟು ಅಡಿ ಆಯ್ತು ಅಂತ. ಅವು ದೊಡ್ಡದರಿಂದ ಚಿಕ್ಕದಕ್ಕೆ ಇಳೀತಿದ್ವು. ಅವಳ ಕಣ್ಣು ಆ ನಂಬರಿನ ಮೇಲೆ ನಿಂತಿತು. ಆಮೇಲೆ ನನ್ನ ಮೇಲೆ ನಿಂತಿತು.

"ಅಜ್ಜಿ, ಈ ರೀಲು ಸರಿಯಾಗಿ ಸುತ್ತಿದೆ ಅಂತ ಬರೆದುಕೊಳ್ಳಲಾ?"

"ನಾನೇನು ಓದಿದೋಳಾ ತಾಯಿ? ಹೆಬ್ಬೆಟ್ಟು. ನಮ್ಮ ಯಜಮಾನ್ರು ಹೆಂಗಿಟ್ಟಿದ್ರೋ ಹಂಗೇ ತಂದಿವ್ನಿ."

ಅವಳು ತೆರೆ ಕಡೆ ನೋಡಿದ್ಲು. ಬೋಡಯ್ಯ ಹೋಟ್ಲಲ್ಲಿ ದೋಸೆ ಹುಯ್ತಿದ್ದ, ಜಯಸಿಂಹ ಕೋಳಿಗೆ ಬೈತಿದ್ದ. ತುಂಬ ಹೊತ್ತು ನೋಡಿದ್ಲು. ಆಮೇಲೆ ಪೆನ್ನಿನ ಕ್ಯಾಪು ತೆಗೆದು ಬರೆದ್ಲು. "ತೇಜಸ್ಸು, ಹಾಕಿ" ಅಂದ್ಲು.

ತೆರೆ ಕಪ್ಪಾಯ್ತು. ಕೋಳಿ, ಹೋಟ್ಲು, ಆಸ್ಪತ್ರೆ ಎಲ್ಲ ಹೋಯ್ತು. ನಾವು ನಾಕು ಜನ ಕಾಯ್ತಾ ಕೂತ್ವು, ರೊಟ್ಟಿ ಬುತ್ತಿ ತಂದಿದ್ದೆ, ಯಾರೂ ಬಿಚ್ಚಲಿಲ್ಲ. ಕೈರೂ ನನ್ನ ಕೈ ಹಿಡಿದು ಹಿಂಡ್ತಿದ್ಲು.

ಮಧ್ಯಾಹ್ನಕ್ಕೆ ತೆರೆ ಬೆಳಗಿತು. ಹಡಗಿನ ಒಳಗೆ ಏಳು ಜನ ಕಣ್ಣು ಮುಚ್ಚಿ ತೇಲ್ತಿದ್ರು. ಕಿಟಕಿ ಗಾಜಿನ ತುಂಬ ಮಂಜು. ಹೊರಗೆ ಶನಿ, ಬಳೆ ತೊಟ್ಕೊಂಡು ಸುಮ್ಮನೆ ಕೂತಿದ್ದ. ಎಷ್ಟೋ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಬೋಡಯ್ಯನ ಬೆರಳು ಮಿಸುಕಿತು. ಸಿನಿಮಾದಲ್ಲಿ ಕೊನೆಗೆ ಸತ್ತೋನು ಅವನು. ಕಣ್ಣು ಬಿಟ್ಟ, ಸುತ್ತ ನೋಡಿದ. ಗಾಜಿನ ಮಂಜು ತಾನೇ ಸರೀತಾ ಬಂತು, ಹೂವಿನ ಎಸಳು ಮುಚ್ಚಿಕೊಂಡಂಗೆ. ಆರಿದ್ದ ದೀಪ ಒಂದೊಂದೇ ಹತ್ತಿಕೊಂಡ್ವು. ಜಯಸಿಂಹ ಎದ್ದ. ಎಲ್ಲರಿಗಿಂತ ಮೊದಲು ಸತ್ತಿದ್ದವಳು ಸುಲೋಚನಾ, ತನ್ನ ಪಾಲಿನ ಗಾಳಿ ಬೇರೆಯವರಿಗೆ ಬಿಟ್ಟುಕೊಟ್ಟು. ಅವಳೇ ಕೊನೆಗೆ ಎದ್ಲು. ಎದ್ದು ಉಸಿರೆಳೆದುಕೊಂಡ್ಲು. ಆ ಸದ್ದು ಈ ಕೋಣೆಯಲ್ಲೂ ಕೇಳಿಸ್ತು. ಆಮೇಲೆ ನೋಡಿದ್ರೆ ಅದು ಇಂಚರಾ ಉಸಿರು.

ಅಷ್ಟಾದ ಮೇಲೆ ನಮ್ಮ ಹತ್ತು ಸೆಕೆಂಡು. ಹೊಗೆ ಒಳಕ್ಕೆ ಹೋಯ್ತು, ಹಡಗು ಕುಲುಕ್ತಾ ಇಳೀತು, ಅವ್ವ ಕೈ ಬೀಸಿದ್ಲು.

"ಬಂದ್ಲು ನೋಡೇ. ಹೇಳಿದ್ನಲ್ಲ ನಾನು!" ಅಂದ್ಲು ಕೈರುನ್ನಿಸಾ. ಏನೋ ಇವಳೇ ಹೋಗಿ ಕರಕೊಂಡು ಬಂದಂಗೆ.

ಮೈಕು ಇಸ್ಕೊಂಡೆ. "ಸುಲೋಚನಾ?"

ಕರೀ ಕೂದಲಿನ ಹುಡುಗಿ ತಿರುಗಿ ನೋಡಿದ್ಲು. ಅವ್ವನ ಕೈ ಇನ್ನೂ ಬಿಟ್ಟಿರಲಿಲ್ಲ. "ಯಾರಮ್ಮ ನೀವು?"

ಮರೆಯಲ್ಲ ಅಂದಿದ್ಲಲ್ಲ, ಮರೆತಿದ್ಲು. ಮೂರು ತಿಂಗಳ ಮಾತು, ಒಂದೂ ಇಲ್ಲ. ಇರಲಿ ಬಿಡಿ. ಇನ್ನೊಂದು ಸಲ ಹೊಸದಾಗಿ ಸುಳ್ಳು ಹೇಳಬಹುದು.

"ನಾನು ಹೆಂಗಸರ ಗೇಟಿನೋಳು ಕಣವ್ವ. ನೀವು ಬರೋದನ್ನೇ ಕಾಯ್ತಿದ್ದೆ."

ಅವಳು ತಲೆ ಎತ್ತಿ ಮೇಲೆ ನೋಡಿದ್ಲು. ಬೆಳ್ಳಿ ಮಳೆ ಸುರೀತಿತ್ತು, ಅವಳ ಕಣ್ಣೊಳಗೂ. "ಅಮ್ಮಾ, ನಮ್ಮ ಆಕಾಶದಲ್ಲಿ ಏನೋ ಕಾಣ್ತಿದೆ. ಎರಡು ಸುತ್ತು. ಒಂದು ದೊಡ್ಡದು, ಮಧ್ಯೆ ಅಡ್ಡ ಕಚ್ಚು. ಪಕ್ಕದಲ್ಲಿ ಒಂದು ಚಿಕ್ಕದು, ಕರ್ರಗೆ, ಹೊಸದಾಗಿ ಹಾಕಿದ ರಂಗೋಲಿ ಥರ. ಅದನ್ನ ಒತ್ಕೊಂಡು ಕೂತಿದೆ."

ಸೆರಗಿನಲ್ಲಿ ಹೆಬ್ಬೆಟ್ಟಿನ ಮಸಿ ಒರೆಸಿಕೊಂಡೆ. ಹೋಗಲಿಲ್ಲ.

"ದೊಡ್ಡದು ಸೋಮಾರಿ. ಚಿಕ್ಕದು ರೀಲು ಸುತ್ತೋಳು" ಅಂದೆ.